ಫೋಟೋದ ಬೆನ್ನನ್ನೂ ತೋರಿಸಿ: ಉಗಿಬಂಡಿ ಕಾಲದ ರೈಲ್ವೆ ಕುಟುಂಬಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಉಗಿ ಎಂಜಿನ್ನಿನ ಕಾಲದಲ್ಲಿ ರೈಲ್ವೆಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳಿಗೆ;
ಹಳೆಯ ರೈಲ್ವೆ ಚಿತ್ರಗಳನ್ನು ಹಂಚುವ ಜಾಲತಾಣ ಪುಟಗಳ ನಿರ್ವಾಹಕರಿಗೆ;
ರೈಲ್ವೆ ವಸ್ತುಸಂಗ್ರಹಾಲಯಗಳ ಹೊಣೆ ಹೊತ್ತ ಅಧಿಕಾರಿಗಳಿಗೆ.

ವಿಷಯ: ಮನೆಯ ಆಲ್ಬಮ್ಮುಗಳಲ್ಲಿರುವ ಉಗಿಬಂಡಿ ಕಾಲದ ಫೋಟೋಗಳನ್ನು ಮಾಹಿತಿಸಮೇತ ಹಂಚಿಕೊಳ್ಳುವಂತೆ ಕೋರಿಕೆ.

ಮಾನ್ಯರೇ,

ಒಂದು ಫೋಟೋ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿರುತ್ತದೆ. ಎಂಜಿನ್ನಿನ ಮುಂದೆ ನಾಲ್ಕು ಜನ ನಿಂತಿದ್ದಾರೆ. ಎಂಜಿನ್ನಿನ ಮುಖಕ್ಕೆ ಹೂವಿನ ಹಾರ, ಎರಡು ಬದಿಗೆ ಬಾಳೆಕಂದು, ಬಂಡಿಗಳು ತಾಗುವಾಗ ಹೊಡೆತ ತಡೆಯುವ ಬಫರಿನ ಮೇಲೆ ಕುಂಕುಮ. ಆಯುಧಪೂಜೆಯ ದಿನವೆಂದು ಯಾರಿಗಾದರೂ ತಿಳಿಯುತ್ತದೆ. ಆದರೆ ಯಾವ ಲೋಕೋ ಶೆಡ್ಡು (ಎಂಜಿನ್ ನಿಲ್ಲುವ ಮನೆ), ಯಾವ ವರ್ಷ, ಆ ನಾಲ್ವರು ಯಾರು? ಎಂಜಿನ್ನಿನ ಸಂಖ್ಯೆ ಇರಬೇಕಾದ ಕಡೆಗೇ ಸರಿಯಾಗಿ ಚಿತ್ರವನ್ನು ಕತ್ತರಿಸಿದ್ದಾರೆ. ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರಿನ ಅಕ್ಷರಗಳ ಮೇಲೆ ಯಾವುದೋ ಪುಟದ ಹೆಸರಿನ ಮುದ್ರೆ ಕೂತಿದೆ. ಕೆಳಗೆ ‘ಆ ಕಾಲವೇ ಚೆಂದ’ ಎಂಬ ಒಂದು ಸಾಲು. ನೋಡಿದವರೆಲ್ಲ ಮೆಚ್ಚುತ್ತಾರೆ, ಮುಂದಕ್ಕೆ ಕಳಿಸುತ್ತಾರೆ. ಆ ನಾಲ್ವರಲ್ಲಿ ಒಬ್ಬರ ಹೆಸರೂ ಹೊರಗೆ ಬರುವುದಿಲ್ಲ.

ಹೀಗೆ ಹೆಸರು ಕಳೆದುಕೊಂಡು ಓಡಾಡುವ ಚಿತ್ರಗಳು ದಿನದಿನಕ್ಕೆ ಹೆಚ್ಚುತ್ತಿವೆ. ಹಂಚುವವರ ಪ್ರೀತಿಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಆ ಪ್ರೀತಿಯೇ ಇಲ್ಲದಿದ್ದರೆ ಈ ಫೋಟೋಗಳು ಎಂದೋ ಗುಜರಿಗೆ ಹೋಗಿರುತ್ತಿದ್ದವು. ನನ್ನ ದೂರು ಹಂಚುವ ಬಗೆಯ ಬಗ್ಗೆ. ಚಿತ್ರದ ಅಂಚು, ಅದರ ಬೆನ್ನು, ಅದು ಕೂತಿದ್ದ ಆಲ್ಬಮ್ಮಿನ ಪುಟ, ಮನೆಯ ಹಿರಿಯರ ಬಾಯಲ್ಲಿರುವ ನಾಲ್ಕು ಮಾತು, ಇವೆಲ್ಲ ಸೇರಿದರೆ ಮಾತ್ರ ಅದು ದಾಖಲೆ. ನಾವು ಮುಖವನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಎಸೆಯುತ್ತಿದ್ದೇವೆ.

ಮನೆಯ ಫೋಟೋಗಳೇ ಏಕೆ ಬೇಕು ಎಂದು ಕೇಳಬಹುದು. ರೈಲ್ವೆಯವರು, ಎಂಜಿನ್ ಕಟ್ಟಿದ ಕಂಪನಿಯವರು ತೆಗೆಸಿದ ಚಿತ್ರಗಳಲ್ಲಿ ಸೇತುವೆ ಇರುತ್ತದೆ, ಹೊಸ ಎಂಜಿನ್ ಇರುತ್ತದೆ, ಉದ್ಘಾಟನೆಗೆ ಬಂದ ದೊರೆಗಳು ಇರುತ್ತಾರೆ. ಬೆಂಕಿಗೂಡಿಗೆ ಕಲ್ಲಿದ್ದಲು ಎತ್ತಿ ಹಾಕಿದ ಫೈರ್‌ಮನ್, ಬೂದಿ ಗುಂಡಿ ತೋಡಿದ ಖಲಾಸಿ, ರಾತ್ರಿಯಿಡೀ ದೀಪ ಹಿಡಿದು ನಿಂತ ಪಾಯಿಂಟ್ಸ್‌ಮನ್, ಪ್ಲಾಟ್‌ಫಾರಂ ಮೇಲೆ ಕುಡಿಯುವ ನೀರು ಕೊಡುತ್ತಿದ್ದವರು ಆ ಚಿತ್ರಗಳಲ್ಲಿ ಸಿಗುವುದು ಅಪರೂಪ. ಅವರು ಸಿಗುವುದು ಕ್ವಾರ್ಟರ್ಸಿನ ಮುಂದೆ ಮಗುವನ್ನು ಎತ್ತಿಕೊಂಡು ತೆಗೆಸಿಕೊಂಡ ಫೋಟೋದಲ್ಲಿ, ವರ್ಗಾವಣೆಯ ಬೀಳ್ಕೊಡುಗೆಯ ಗುಂಪು ಚಿತ್ರದಲ್ಲಿ, ನಿವೃತ್ತಿಯ ದಿನ ಕೊನೆಯ ಬಾರಿಗೆ ಎಂಜಿನ್ ಹತ್ತಿದಾಗ ಯಾರೋ ನೆಂಟರು ಕ್ಲಿಕ್ಕಿಸಿದ ಮಸುಕು ಚಿತ್ರದಲ್ಲಿ. ಫಿಲ್ಮು ಆಗ ಅಗ್ಗದ ವಸ್ತುವಲ್ಲ. 120 ಅಳತೆಯ ಒಂದು ರೋಲಿನಲ್ಲಿ ಬಾಕ್ಸ್ ಕ್ಯಾಮೆರಾಕ್ಕೆ 8 ಚಿತ್ರ, ಆಗ್ಫಾ ಕ್ಲಿಕ್ ತ್ರೀಯಂಥ ಚೌಕ ಚಿತ್ರದ ಕ್ಯಾಮೆರಾಕ್ಕೆ 12. ಆ ಹನ್ನೆರಡರಲ್ಲಿ ಒಂದನ್ನು ಎಂಜಿನ್ನಿಗಾಗಿ ಖರ್ಚು ಮಾಡಿದ್ದಾರೆಂದರೆ ಅವರಿಗೆ ಅದು ಎಷ್ಟು ಹತ್ತಿರದ್ದಾಗಿತ್ತು ಎಂದು ಊಹಿಸಿಕೊಳ್ಳಿ. ಜೊತೆಗೆ ನಿಲ್ದಾಣ, ಸೇತುವೆಗಳ ಫೋಟೋ ತೆಗೆಯಲು ಅನುಮತಿ ಬೇಕಾಗಿದ್ದ ಕಾಲ ಅದು. ಹಾಗಾಗಿ ಹೊರಗಿನವರಿಗೆ ಸಿಗದ ನೋಟ ರೈಲ್ವೆ ಮನೆಯವರಿಗೆ ಮಾತ್ರ ಸಿಕ್ಕಿತು.

ಇನ್ನೊಂದು ಕಾರಣ, ಆ ಹಿನ್ನೆಲೆಯೇ ಈಗ ಇಲ್ಲ. 1992ರಲ್ಲಿ ಬಹುಪಾಲು ಮಾರ್ಗಗಳನ್ನು ಒಂದೇ ಅಳತೆಗೆ ತರುವ ಯೋಜನೆ ಶುರುವಾದ ಮೇಲೆ ಕರ್ನಾಟಕದ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ಜಾಲ ಬಹುಬೇಗ ಕರಗಿಹೋಯಿತು. ನೀರಿನ ಕಾಲಂ, ಎಂಜಿನ್ ತಿರುಗಿಸುವ ಟರ್ನ್‌ಟೇಬಲ್, ಕಲ್ಲಿದ್ದಲ ಅಟ್ಟಣೆ, ಕೈಯಂತೆ ಏಳುವ ಬೀಳುವ ಕೈಮರ ಸಿಗ್ನಲ್ಲುಗಳು ಬಹುಪಾಲು ಗುಜರಿ ಹರಾಜಿಗೆ ಹೋದವು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ 2 ಅಡಿ ಅಗಲದ ಪುಟ್ಟ ಹಳಿಯ ಮೇಲೆ ಟ್ರಾಮ್ ಬಂಡಿ ಹೋಗುತ್ತಿತ್ತು ಎಂದರೆ ಇಂದಿನ ಮಕ್ಕಳು ನಂಬಲಾರರು. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಎರಡೂವರೆ ಅಡಿಯ ನ್ಯಾರೋ ಗೇಜ್ ಕೂಡ ಹೋಯಿತು. ನಂಜನಗೂಡಿನಲ್ಲಿ ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇಂದಿಗೂ ನಿಂತಿದೆ, ಅದರ ಮೇಲೆ ಗಾಡಿಗಳ ಪಕ್ಕದಲ್ಲೇ ರೈಲು ಹೋಗುತ್ತಿದ್ದ ದೃಶ್ಯ ಇಲ್ಲ. ಅಂಥ ಜಾಗದಲ್ಲಿ ಯಾರದೋ ಅಜ್ಜಿ ಸೆರಗು ಹೊದ್ದು ನಿಂತ ಫೋಟೋ ನಿಮ್ಮ ಮನೆಯಲ್ಲಿದ್ದರೆ, ಅಜ್ಜಿಯ ಹಿಂದೆ ಕಾಣುವ ಒಂದು ಅಂಗುಲದಷ್ಟು ಜಾಗ ಆ ಮಾರ್ಗದ ಚರಿತ್ರೆಗೆ ಸಾಕ್ಷಿ.

ಈಗ ಕತ್ತರಿಸುವುದರಿಂದ ಆಗುವ ನಷ್ಟವನ್ನು ಬಿಡಿಸಿ ಹೇಳುತ್ತೇನೆ. ಹಳೆಯ ರೈಲ್ವೆ ಚಿತ್ರದ ಕಾಲವನ್ನು ಗುರುತಿಸುವುದು ಮುಖಗಳಿಂದಲ್ಲ, ಮೂಲೆಗಳಿಂದ. ಟೆಂಡರಿನ ಮೇಲೆ ಎಂ.ಎಸ್.ಆರ್. ಎಂದಿದ್ದರೆ ಅದು ಮೈಸೂರು ಸ್ಟೇಟ್ ರೈಲ್ವೆ. ಎಂ ಅಂಡ್ ಎಸ್.ಎಂ. ಎಂದಿದ್ದರೆ 1908ರಲ್ಲಿ ಒಂದಾದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. (ಒಂದು ಎಚ್ಚರಿಕೆ: ಮೈಸೂರು ಸಂಸ್ಥಾನದ ಹಳಿಗಳ ಮೇಲೂ ಬಹುಕಾಲ ಆ ಕಂಪನಿಯೇ ಬಂಡಿ ಓಡಿಸಿತು. ಆದ್ದರಿಂದ ಆ ಅಕ್ಷರ ಕಂಡ ಮಾತ್ರಕ್ಕೆ ಹುಬ್ಬಳ್ಳಿ ಎಂದು ಬರೆದುಬಿಡಬಾರದು.) 1951ರ ಏಪ್ರಿಲ್ 14ರಂದು ಈ ಎರಡೂ ಸೌತ್ ಇಂಡಿಯನ್ ರೈಲ್ವೆಯೊಂದಿಗೆ ಸೇರಿ ದಕ್ಷಿಣ ರೈಲ್ವೆಯಾದವು, ಅಲ್ಲಿಂದಾಚೆಗೆ ಎಸ್.ಆರ್. ಎಂಬ ಅಕ್ಷರಗಳು ಬಂದವು. 1966ರ ಅಕ್ಟೋಬರ್ 2ರಂದು ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು, ಮೈಸೂರು ವಿಭಾಗ ದಕ್ಷಿಣ ರೈಲ್ವೆಯಲ್ಲೇ ಉಳಿಯಿತು. ಹಾಗಾಗಿ ಎಂಜಿನ್ನಿನ ಮೇಲೆ ಎಸ್.ಸಿ. (ಸೌತ್ ಸೆಂಟ್ರಲ್) ಎಂದು ಬರೆದಿದ್ದರೆ ಫೋಟೋ 1966ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಇದನ್ನು ತಿರುಗಿಸಿ ಹೇಳಲು ಮಾತ್ರ ಬರುವುದಿಲ್ಲ. ಹಳೆಯ ಅಕ್ಷರಗಳು ಮುಂದಿನ ಬಣ್ಣ ಬಳಿಯುವ ತನಕ ಹಾಗೇ ಉಳಿದಿರಬಹುದು. ಹೊಸ ಅಕ್ಷರ ‘ಇದಕ್ಕಿಂತ ಹಿಂದಲ್ಲ’ ಎಂದು ಖಚಿತವಾಗಿ ಹೇಳುತ್ತದೆ, ಹಳೆಯ ಅಕ್ಷರ ‘ಇದಕ್ಕಿಂತ ಮುಂದಲ್ಲ’ ಎಂದು ಹೇಳಲಾರದು.

ಸಂಖ್ಯೆ ಇನ್ನೂ ಹೆಚ್ಚು ಹೇಳುತ್ತದೆ. 1957ರ ಸುಮಾರಿಗೆ ಬೇರೆಬೇರೆ ಕಂಪನಿಗಳಿಂದ ಬಂದ ಹಳೆಯ ಎಂಜಿನ್ನುಗಳಿಗೆಲ್ಲ ದೇಶಕ್ಕೆ ಒಂದೇ ಕ್ರಮದ ಐದಂಕಿಯ ಸಂಖ್ಯೆ ಕೊಟ್ಟರು. ಕ್ಯಾಬಿನ ಪಕ್ಕದ ಆ ಸಂಖ್ಯೆ ಸಿಕ್ಕರೆ ಎಂಜಿನ್ ಯಾವ ಜಾತಿಯದು, ಯಾವ ಮಾರ್ಗದಲ್ಲಿತ್ತು ಎಂದು ಹುಡುಕಲು ದಾರಿಯಾಗುತ್ತದೆ. ಸಂಖ್ಯೆ ಕಾಣದಿದ್ದರೂ ಚಕ್ರ ಎಣಿಸಬಹುದು. ಪಕ್ಕದಿಂದ ನೋಡಿದಾಗ ಮುಂದೆ ಎರಡು ಸಣ್ಣ ಚಕ್ರ, ನಡುವೆ ಮೂರು ದೊಡ್ಡದು, ಹಿಂದೆ ಒಂದು ಸಣ್ಣದಿದ್ದರೆ ಮೀಟರ್ ಗೇಜಿನಲ್ಲಿ ಅದು ವೈಪಿ ಇರುವ ಸಂಭವ ಹೆಚ್ಚು. ಪ್ಯಾಸೆಂಜರ್ ಬಂಡಿಗಳ ಎಂಜಿನ್ ಅದು. ಒಂದು ಸಣ್ಣದು, ನಾಲ್ಕು ದೊಡ್ಡದು, ಮತ್ತೆ ಒಂದು ಸಣ್ಣದಿದ್ದರೆ ಸರಕು ಎಳೆಯುವ ವೈಜಿ. ಒಂದು, ಮೂರು, ಒಂದು ಆದರೆ ಹಗುರ ಹಳಿಗಳಿಗೆ ಮಾಡಿದ ವೈಎಲ್. ಇವು ಮೂರೂ ಸ್ವಾತಂತ್ರ್ಯಾನಂತರ ಬಂದವು. ಚಿತ್ರವನ್ನು ಸೊಂಟದ ಕೆಳಗೆ ಕತ್ತರಿಸಿದಾಗ ನೀವು ತೆಗೆದುಹಾಕಿದ್ದು ಬರೀ ನೆಲವನ್ನಲ್ಲ, ಈ ಚಕ್ರಗಳನ್ನು.

ಬೋಗಿಯ ಬಾಗಿಲಿನ ಮೇಲೆ ಮೂರನೇ ದರ್ಜೆಯ ಮೂರು ಗೀಟುಗಳಿದ್ದರೆ ಆ ಬೋಗಿಗೆ ಬಣ್ಣ ಬಳಿದದ್ದು 1974ಕ್ಕಿಂತ ಹಿಂದೆ, ಏಕೆಂದರೆ ಆ ವರ್ಷ ಮೂರನೇ ದರ್ಜೆಯನ್ನೇ ತೆಗೆದರು. ನಿಲ್ದಾಣದ ಹಳದಿ ಫಲಕದ ಮೂಲೆಯಲ್ಲಿ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದೆ. ಅದು ಅಡಿಯಲ್ಲಿದೆಯೋ ಮೀಟರಿನಲ್ಲಿದೆಯೋ ನೋಡಿ. ಊರಿನ ಹೆಸರು ಯಾವ ಲಿಪಿಗಳಲ್ಲಿದೆ, ಯಾವುದು ಮೇಲೆ, ಯಾವುದು ಕೆಳಗೆ ಎಂಬುದೂ ಸುಳಿವೇ. ಬೌರಿಂಗ್‌ಪೇಟೆ ಎಂದಿದ್ದರೆ ಅದು ಇಂದಿನ ಬಂಗಾರಪೇಟೆ. ಕೊನೆಗೆ ಕಾಗದ. ಗರಗಸದ ಹಲ್ಲಿನಂಥ ಅಂಚು, ಬಿಳಿ ಚೌಕಟ್ಟು, ಮೂಲೆಯಲ್ಲಿ ಒತ್ತಿದ ಸ್ಟುಡಿಯೋದ ಉಬ್ಬು ಗುರುತು, ಬೆನ್ನಿನ ಮೇಲಿನ ರಬ್ಬರ್ ಸ್ಟ್ಯಾಂಪು. ಸ್ಟುಡಿಯೋದ ಊರು ಗೊತ್ತಾದರೆ ಶೆಡ್ಡನ್ನು ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ.

ಹಾಗಾದರೆ ಹೇಗೆ ಹಂಚಬೇಕು? ಮೊದಲು ಆಲ್ಬಮ್ಮಿನ ಪುಟವನ್ನು ಇದ್ದ ಹಾಗೇ, ಏನನ್ನೂ ಕೀಳದೆ, ಒಮ್ಮೆ ಚಿತ್ರ ತೆಗೆದುಕೊಳ್ಳಿ. ಯಾವ ಫೋಟೋದ ಪಕ್ಕ ಯಾವುದಿತ್ತು ಎಂಬುದರಿಂದಲೇ ಎಷ್ಟೋ ಸಲ ವರ್ಷ ಸಿಕ್ಕಿದೆ. ಕಪ್ಪು ಕಾಗದದ ಹಳೆಯ ಆಲ್ಬಮ್ಮಿನಲ್ಲಿ ಮೂಲೆಗಳಿಗೆ ಸಿಕ್ಕಿಸಿದ ಫೋಟೋ ಸುಲಭವಾಗಿ ಹೊರಬರುತ್ತದೆ. ಕಷ್ಟ ಕೊಡುವುದು ಆಮೇಲೆ ಬಂದ ಅಂಟುಪುಟದ ಆಲ್ಬಮ್ಮು, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತಿದ್ದೆವಲ್ಲ, ಅದು. ಅದರ ಅಂಟು ವರ್ಷಗಳು ಕಳೆದಂತೆ ಗಟ್ಟಿಯಾಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ, ಹಳದಿ ಕಲೆಯನ್ನೂ ಮಾಡುತ್ತದೆ. ಮೂಲೆ ಹಿಡಿದು ಎಳೆದರೆ ಫೋಟೋ ಸುರುಳಿಯಾಗಿ ಮೇಲ್ಪದರ ಬಿರಿಯುತ್ತದೆ. ಹಲ್ಲಿನ ಸಂದಿಗೆ ಬಳಸುವ ಮೇಣವಿಲ್ಲದ ದಾರವನ್ನು ಫೋಟೋದ ಹಿಂದೆ ತೂರಿಸಿ, ಗರಗಸ ಆಡಿಸಿದಂತೆ ನಿಧಾನಕ್ಕೆ ಆಚೀಚೆ ಎಳೆಯಿರಿ. ಬರಲಿಲ್ಲವೋ, ಅಲ್ಲಿಗೇ ನಿಲ್ಲಿಸಿ, ಪುಟವನ್ನೇ ಸ್ಕ್ಯಾನ್ ಮಾಡಿ. ಗೋಡೆಯ ಮೇಲೆ ತೂಗುಹಾಕಿದ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಅದನ್ನು ಬಿಡಿಸುವ ಸಾಹಸ ಬೇಡವೇ ಬೇಡ. ಮಳೆಗಾಲದ ತೇವಕ್ಕೆ ಫೋಟೋದ ಮೇಲಿನ ಜೆಲಟಿನ್ ಪದರ ಮೆತ್ತಗಾಗಿ ಗಾಜನ್ನು ಹಿಡಿದಿರುತ್ತದೆ. ಬಿಡಿಸಿದರೆ ಮುಖ ಗಾಜಿನ ಮೇಲೆ ಉಳಿಯುತ್ತದೆ, ಕಾಗದ ಕೈಗೆ ಬರುತ್ತದೆ. ಚೌಕಟ್ಟನ್ನು ಮಾತ್ರ ಬಿಚ್ಚಿ, ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಇಡಿ.

ಧೂಳು ತೆಗೆಯಲು ಮೆತ್ತನೆಯ ಒಣ ಬ್ರಷ್ ಸಾಕು. ಒದ್ದೆ ಬಟ್ಟೆ, ಸ್ಪಿರಿಟ್, ಬಾಯಿಂದ ಊದುವುದು ಯಾವುದೂ ಕೂಡದು. ಕಪ್ಪು ಭಾಗಗಳ ಅಂಚಿನಲ್ಲಿ ನೀಲಿಮಿಶ್ರಿತ ಕನ್ನಡಿಯಂಥ ಹೊಳಪು ಕಂಡರೆ ಅದು ಕೊಳೆಯಲ್ಲ, ಚಿತ್ರದೊಳಗಿನ ಬೆಳ್ಳಿಯೇ ಮೇಲಕ್ಕೆ ಬಂದದ್ದು. ಅದನ್ನು ಉಜ್ಜಿದರೆ ಚಿತ್ರವನ್ನೇ ಉಜ್ಜಿದಂತೆ.

ಸ್ಕ್ಯಾನರಿನ ಲೆಕ್ಕ ಇದು. ಪೋಸ್ಟ್ ಕಾರ್ಡ್ ಅಳತೆಯ ಮುದ್ರಿತ ಫೋಟೋಗೆ 600 ಡಿಪಿಐ (ಅಂಗುಲಕ್ಕೆ 600 ಚುಕ್ಕಿ) ಸಾಕು, ಸುಮಾರು 2100 ಗುಣಿಸು 3300 ಪಿಕ್ಸೆಲ್ ಬರುತ್ತದೆ. ಬಾಕ್ಸ್ ಕ್ಯಾಮೆರಾದ ಎರಡೂಕಾಲು ಗುಣಿಸು ಮೂರೂಕಾಲು ಅಂಗುಲದ ಪುಟ್ಟ ಫೋಟೋಗೆ 1200 ಇಡಿ, ಏಕೆಂದರೆ ಅದನ್ನು ಹಿಗ್ಗಿಸದೆ ನೆಗೆಟಿವ್ ಗಾತ್ರಕ್ಕೇ ಮುದ್ರಿಸಿದ್ದಾರೆ, ಕಣ್ಣಿಗೆ ಕಾಣದ ವಿವರ ಅದರಲ್ಲಿ ಕೂತಿರುತ್ತದೆ. ನೆಗೆಟಿವೇ ಇದ್ದರೆ ಅದಕ್ಕಿಂತ ಭಾಗ್ಯ ಬೇರೆ ಇಲ್ಲ. 6 ಸೆಂಟಿಮೀಟರ್ ಚೌಕದ ನೆಗೆಟಿವ್‌ಗೆ 2400 ಡಿಪಿಐ ಸಾಕಾಗುತ್ತದೆ, ಆದರೆ ಸ್ಕ್ಯಾನರಿನ ಮುಚ್ಚಳದಲ್ಲಿ ಫಿಲ್ಮಿಗೆಂದೇ ದೀಪ ಇರಬೇಕು. ಸಾಮಾನ್ಯ ಸ್ಕ್ಯಾನರಿನಲ್ಲಿ ನೆಗೆಟಿವ್ ಇಟ್ಟರೆ ಬರೀ ಕಪ್ಪು ಬರುತ್ತದೆ. ಚಿತ್ರ ಕಪ್ಪು ಬಿಳುಪೇ ಆದರೂ ಮುದ್ರಿತ ಫೋಟೋವನ್ನು ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಾಗದದ ಕಂದು, ಶಾಯಿಯ ನೀಲಿ, ಕಲೆಯ ಹಳದಿ ಬೇರೆಬೇರೆಯಾಗಿ ಉಳಿದರೆ ಮುಂದೆ ಕಲೆಯನ್ನಷ್ಟೇ ತೆಗೆಯಲು ಬರುತ್ತದೆ. ತಾನಾಗಿ ಚೆಂದಗಾಣಿಸುವ, ಧೂಳು ಅಳಿಸುವ ಎಲ್ಲ ಆಯ್ಕೆಗಳನ್ನೂ ಆರಿಸಿಡಿ. ಮೂಲ ಕಡತ ಟಿಫ್ (ವಿವರ ಕಳೆಯದೆ ಉಳಿಸುವ ಬಗೆ) ಆಗಿರಲಿ, ಹಂಚಲು ಅದರಿಂದ ಒಂದು ಜೆಪೆಗ್ ಮಾಡಿಕೊಳ್ಳಿ. ಫೋಟೋದ ನಾಲ್ಕೂ ಅಂಚಿನ ಹೊರಗೆ ಒಂದೆರಡು ಮಿಲಿಮೀಟರ್ ಖಾಲಿ ಜಾಗ ಬಿಡಿ, ಏನೂ ಕತ್ತರಿಸಿಲ್ಲ ಎಂಬುದಕ್ಕೆ ಅದೇ ಪ್ರಮಾಣ. ಆಮೇಲೆ ಫೋಟೋವನ್ನು ಮಗುಚಿ ಬೆನ್ನನ್ನೂ ಸ್ಕ್ಯಾನ್ ಮಾಡಿ. ಬೆನ್ನು ಖಾಲಿ ಇದ್ದರೂ ಮಾಡಿ. ಪೆನ್ಸಿಲಿನ ಮಾಸಿದ ಗೀಟು ಕಣ್ಣಿಗೆ ಕಾಣದೆ ಸ್ಕ್ಯಾನಿನಲ್ಲಿ ಕಾಣುವುದುಂಟು.

ಸ್ಕ್ಯಾನರ್ ಇಲ್ಲವೇ? ಮೊಬೈಲೂ ಆಗುತ್ತದೆ. ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ, ಮೇಜಿನ ಮೇಲೆ ಫೋಟೋವನ್ನು ಮಟ್ಟಸವಾಗಿ ಇಡಿ. ಫ್ಲ್ಯಾಷ್ ಬೇಡ. ಮೊಬೈಲನ್ನು ತೀರ ಹತ್ತಿರ ತಂದರೆ ಅಂಚುಗಳು ಬಾಗುತ್ತವೆ, ಮೊಬೈಲಿನ ನೆರಳೂ ಬೀಳುತ್ತದೆ. ಸ್ವಲ್ಪ ಮೇಲೆ ಎತ್ತಿ, ಎರಡು ಪಟ್ಟು ಝೂಮ್ ಇಟ್ಟು, ಪರದೆಯ ಚೌಕಗೆರೆಗಳಿಗೆ ಫೋಟೋದ ಅಂಚು ಸಮನಾಗುವಂತೆ ಹಿಡಿಯಿರಿ. ಹೊಳೆಯುವ ಕಾಗದವಾದರೆ ಮೊಬೈಲಿನ ಹಿಂದೆ ಕಪ್ಪು ಬಟ್ಟೆ ಅಡ್ಡ ಹಿಡಿದರೆ ಪ್ರತಿಬಿಂಬ ಹೋಗುತ್ತದೆ. ಬಿಲ್ಲು, ರಸೀದಿ ಸ್ಕ್ಯಾನ್ ಮಾಡುವ ಆ್ಯಪ್‌ಗಳನ್ನು ಇದಕ್ಕೆ ಬಳಸಬೇಡಿ, ಅವು ಬೂದುಬಣ್ಣದ ಹೊಗೆಯನ್ನೆಲ್ಲ ಬಿಳಿ ಮಾಡಿಬಿಡುತ್ತವೆ. ಉಗಿಬಂಡಿಯ ಚಿತ್ರದಲ್ಲಿ ಹೊಗೆ ಹೋದ ಮೇಲೆ ಏನು ಉಳಿಯುತ್ತದೆ? ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಒಳಗಿದ್ದ ಮಾಹಿತಿಯನ್ನೂ ಅಳಿಸುತ್ತದೆ. ಹತ್ತು ಜನರ ಕೈದಾಟಿ ಬಂದ ಚಿತ್ರದಲ್ಲಿ 8 ಯಾವುದು, 3 ಯಾವುದು ಎಂದು ಓದಲಾಗದಿರುವುದಕ್ಕೆ ಇದೇ ಕಾರಣ.

ಚಿತ್ರದ ಜೊತೆಗೆ ಬರೆಯಬೇಕಾದದ್ದು ಹೆಚ್ಚೇನಿಲ್ಲ: ಯಾರು, ಎಲ್ಲಿ, ಯಾವಾಗ, ತೆಗೆದವರು ಯಾರು, ಮೂಲ ಪ್ರತಿ ಈಗ ಯಾರ ಹತ್ತಿರ ಇದೆ. ಇದರ ಜೊತೆ ಬಹುತೇಕರು ಬಿಡುವ ಒಂದು ಅಂಶವನ್ನು ದಯವಿಟ್ಟು ಸೇರಿಸಿ, ‘ಇದು ನನಗೆ ಹೇಗೆ ಗೊತ್ತು?’ ಎಂಬುದನ್ನು. ‘ಹಿಂದೆ ಬರೆದಿದೆ’, ‘ದೊಡ್ಡಮ್ಮ ಹೇಳಿದ್ದು’, ‘ನನ್ನ ಊಹೆ’, ಈ ಮೂರೂ ಬೇರೆಬೇರೆ. ಊಹೆ ತಪ್ಪಲ್ಲ, ಊಹೆಯನ್ನು ಖಚಿತವೆಂಬಂತೆ ಬರೆಯುವುದು ತಪ್ಪು. ಒಬ್ಬರು ‘ಅರಸೀಕೆರೆ ಇರಬಹುದು’ ಎಂದದ್ದು ಮೂರನೆಯವರ ಹೊತ್ತಿಗೆ ‘ಅರಸೀಕೆರೆ, 1958’ ಆಗುತ್ತದೆ. ಅದನ್ನು ತಿದ್ದಲು ಆಮೇಲೆ ಯಾರಿಂದಲೂ ಆಗುವುದಿಲ್ಲ.

ಹಿರಿಯರನ್ನು ಕೇಳುವಾಗ ‘ಆ ಕಾಲದ ಬಗ್ಗೆ ಏನಾದರೂ ಹೇಳಿ’ ಎಂದರೆ ಅವರು ನಾಲ್ಕು ಮಾತು ಹೇಳಿ ಸುಮ್ಮನಾಗುತ್ತಾರೆ. ಫೋಟೋವನ್ನು ಕೈಗೆ ಕೊಟ್ಟು ಎಡದಿಂದ ಒಬ್ಬೊಬ್ಬರನ್ನೇ ತೋರಿಸಿ ಕೇಳಿ. ಇವರ ಕೆಲಸ ಏನು, ಯಾವ ಶೆಡ್ಡಿನವರು, ಇವರ ಕೈಯಲ್ಲಿರುವ ಬಳೆಯಂಥದ್ದು ಏನು (ಟೋಕನ್ನಿನ ರಿಂಗ್ ಇರಬಹುದು; ಒಂಟಿ ಹಳಿಯ ಮೇಲೆ ಮುಂದೆ ಹೋಗಲು ಚಾಲಕರಿಗೆ ಕೊಡುತ್ತಿದ್ದ ಪರವಾನಗಿ ಟೋಕನ್), ಯಾವ ಬಂಡಿಗೆ ಹೋಗುತ್ತಿದ್ದರು, ಕ್ವಾರ್ಟರ್ಸು ಹಳಿಯ ಯಾವ ಕಡೆಗಿತ್ತು. ಮೊಬೈಲಿನಲ್ಲಿ ಮಾತನ್ನು ಮುದ್ರಿಸಿಕೊಳ್ಳಿ, ಮುದ್ರಿಸುತ್ತಿದ್ದೇನೆಂದು ಅವರಿಗೆ ತಿಳಿಸಿಯೇ. ಅವರು ಬಳಸುವ ಪದಗಳನ್ನು ತಿದ್ದಬೇಡಿ. ‘ಕೈಮರ ಬಿತ್ತು’, ‘ನೀರು ಹಿಡಿಸಿದೆವು’, ‘ಬೆಂಕಿ ಕಟ್ಟಿದೆವು’ ಎಂಬ ಮಾತುಗಳೂ ಆ ಫೋಟೋದಷ್ಟೇ ಬೆಲೆಯುಳ್ಳವು.

ಮೂಲ ಪ್ರತಿಯನ್ನು ಸ್ಕ್ಯಾನ್ ಆಯಿತಲ್ಲ ಎಂದು ಬಿಸಾಡಬೇಡಿ. ಲ್ಯಾಮಿನೇಷನ್ ಮಾತ್ರ ಎಂದಿಗೂ ಮಾಡಿಸಬೇಡಿ. ಆ ಶಾಖ, ಆ ಅಂಟು ಒಮ್ಮೆ ಹತ್ತಿದರೆ ಹಿಂದಕ್ಕೆ ಬರುವ ದಾರಿಯೇ ಇಲ್ಲ. ಬೆನ್ನ ಮೇಲೆ ಹೆಸರು ಬರೆಯುವುದಾದರೆ ಮೆದು ಪೆನ್ಸಿಲ್, ಅದೂ ಅಂಚಿನಲ್ಲಿ, ಹಗುರವಾಗಿ. ಬಾಲ್ ಪೆನ್ನಿನ ಒತ್ತು ಮುಂದಿನ ಮುಖದ ಮೇಲೆ ಗೀರಾಗಿ ಮೂಡುತ್ತದೆ. ಅಗ್ಗದ ಪಿವಿಸಿ ಚೀಲ, ಸೆಲ್ಲೋಟೇಪು, ವೃತ್ತಪತ್ರಿಕೆ, ನುಸಿಗುಳಿಗೆ ಯಾವುದೂ ಹತ್ತಿರ ಇರಬಾರದು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ತೇವವೇ ದೊಡ್ಡ ಶತ್ರು. ಗಾಳಿಯ ತೇವಾಂಶ ಶೇಕಡಾ 65 ದಾಟಿ ಬಹುಕಾಲ ನಿಂತರೆ ಬೂಷ್ಟು ಹಿಡಿಯುತ್ತದೆ. ಅಟ್ಟ ಬೇಡ, ಹೊರಗೋಡೆಗೆ ತಾಗಿದ ಬೀರು ಬೇಡ, ಒಳಕೋಣೆಯ ಬೀರುವಿನ ನಡುವಿನ ಹಲಗೆ ಒಳ್ಳೆಯದು. ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರಿನ ಹುಳಿವಾಸನೆ ಬಂದರೆ ಫಿಲ್ಮು ಕೊಳೆಯಲು ಶುರುವಾಗಿದೆ ಎಂದರ್ಥ. ಆ ಹುಳಿಗಾಳಿ ಪಕ್ಕದ ಫಿಲ್ಮುಗಳನ್ನೂ ಕೆಡಿಸುತ್ತದೆ, ಕೂಡಲೇ ಬೇರೆ ಇಟ್ಟು ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ.

ಹಕ್ಕಿನ ವಿಷಯದಲ್ಲಿ ಹಲವರಿಗೆ ಅಂಜಿಕೆ ಇದೆ, ಕೆಲವರಿಗೆ ಅಂಜಿಕೆಯೇ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ 1958ರ ಜನವರಿಯಲ್ಲಿ ಜಾರಿಗೆ ಬಂತು. ಅದಕ್ಕೂ ಮುಂಚೆ ತೆಗೆದ ಫೋಟೋಗಳಿಗೆ ಸಾಮಾನ್ಯವಾಗಿ ಹಳೆಯ ಕಾನೂನಿನಂತೆ ನೆಗೆಟಿವ್ ಮಾಡಿದಂದಿನಿಂದ 50 ವರ್ಷದ ಹಕ್ಕು, ಅದು ಮುಗಿದಿದೆ. ಆಮೇಲಿನವುಗಳಿಗೆ ಲೆಕ್ಕ ಬೇರೆ. 2012ರ ತಿದ್ದುಪಡಿಯ ನಂತರ ಫೋಟೋ ತೆಗೆದವರ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ. ನಿಮ್ಮ ಮನೆಯವರು ಹಣ ಕೊಟ್ಟು ಸ್ಟುಡಿಯೋದವರಿಂದ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಮೊದಲ ಹಕ್ಕು ತೆಗೆಸಿದವರದು. ಕಾನೂನು ಏನೇ ಹೇಳಲಿ, ತೆಗೆದವರ ಹೆಸರು ಗೊತ್ತಿದ್ದರೆ ಹಾಕುವುದು ಮರ್ಯಾದೆ. ಬೆನ್ನಿನ ಮೇಲೆ ಮನೆ ವಿಳಾಸ, ಪಿಎಫ್ ಸಂಖ್ಯೆ, ಕಾಯಿಲೆಯ ರಜೆಯ ವಿವರ ಬರೆದಿದ್ದರೆ ಸಾರ್ವಜನಿಕವಾಗಿ ಹಾಕುವ ಪ್ರತಿಯಲ್ಲಿ ಅದನ್ನು ಮುಚ್ಚಿ. ಮನೆಯ ಹೆಂಗಸರು, ಮಕ್ಕಳು ಇರುವ ಚಿತ್ರವಾದರೆ ಮನೆಯವರನ್ನೆಲ್ಲ ಒಂದು ಮಾತು ಕೇಳಿ.

ಪುಟಗಳ ನಿರ್ವಾಹಕರೇ, ನಿಮ್ಮಲ್ಲಿ ನನ್ನದು ಸ್ವಲ್ಪ ಖಾರವಾದ ಮನವಿ. ಯಾರದೋ ತಾತನ ಫೋಟೋದ ನಟ್ಟನಡುವೆ ನಿಮ್ಮ ಪುಟದ ಹೆಸರು ಒತ್ತುವ ಹಕ್ಕು ನಿಮಗಿಲ್ಲ. ಬೇಕಾದರೆ ಚಿತ್ರದ ಕೆಳಗೆ ಬೇರೆ ಪಟ್ಟಿ ಸೇರಿಸಿ ಬರೆಯಿರಿ. ಯಂತ್ರದಿಂದ ಬಣ್ಣ ತುಂಬಿದ ಚಿತ್ರವನ್ನು ಮೂಲವೆಂಬಂತೆ ಹಾಕಬೇಡಿ. ಬೋಗಿಯ ಬಣ್ಣ, ಸಮವಸ್ತ್ರದ ಬಣ್ಣ ಆ ಯಂತ್ರಕ್ಕೆ ಗೊತ್ತಿಲ್ಲ, ಅದು ಊಹಿಸಿ ಬಳಿಯುತ್ತದೆ, ನಾಳೆ ಮಾದರಿ ರೈಲು ಮಾಡುವ ಹುಡುಗ ಅದನ್ನೇ ನಿಜವೆಂದು ನಂಬುತ್ತಾನೆ. ಅದಕ್ಕಿಂತ ಹಾನಿ ಮಾಡುವುದು ಮಸುಕು ಚಿತ್ರವನ್ನು ಚೂಪುಗೊಳಿಸುವ ಯಂತ್ರಗಳು. ಓದಲಾಗದ ಸಂಖ್ಯೆಯನ್ನು ಅವು ಓದಿ ತೋರಿಸುವುದಿಲ್ಲ, ಹೊಸದಾಗಿ ಕಟ್ಟುತ್ತವೆ. ಮಸುಕಾದ ಸಂಖ್ಯೆ ಅಪೂರ್ಣ ಸಾಕ್ಷ್ಯ. ಚೂಪಾದ ಸುಳ್ಳು ಸಂಖ್ಯೆ ಸುಳ್ಳು ಸಾಕ್ಷ್ಯ.

ಹಾಗೆಯೇ ಎಲ್ಲಿಯದೋ ಚಿತ್ರಕ್ಕೆ ನಮ್ಮ ಊರಿನ ಹೆಸರು ಹಚ್ಚುವುದು. ಇದನ್ನು ಪರೀಕ್ಷಿಸಲು ಒಂದು ನಿಮಿಷ ಸಾಕು. ಎಂಜಿನ್ನಿನ ಮುಂದಿನ ಅಡ್ಡಪಟ್ಟಿಯನ್ನು ನೋಡಿ. ನಮ್ಮಲ್ಲಿ ಬ್ರಾಡ್ ಗೇಜ್ (ಅಗಲ ಹಳಿಯ) ಉಗಿ ಎಂಜಿನ್ನುಗಳಿಗೆ ಎಡಕ್ಕೊಂದು ಬಲಕ್ಕೊಂದು ಬಫರ್ ಇರುತ್ತಿತ್ತು, ಮೀಟರ್ ಗೇಜಿನವಕ್ಕೆ ನಡುವೆ ಒಂದೇ. ಬೆಂಗಳೂರು ಮೈಸೂರು ಮಾರ್ಗ 1882ರಲ್ಲಿ ಪೂರ್ತಿಯಾದಂದಿನಿಂದ 1990ರ ದಶಕದ ತನಕ ಮೀಟರ್ ಗೇಜ್. ಜೋಡಿ ಬಫರಿನ ಎಂಜಿನ್ನಿಗೆ ‘ಮಂಡ್ಯ ನಿಲ್ದಾಣ, 1950’ ಎಂದು ಬರೆದಿದ್ದರೆ ಅದು ಸುಳ್ಳು. ಬೆಂಗಳೂರು ನಗರ ನಿಲ್ದಾಣದಲ್ಲಿ ಮಾತ್ರ ಎರಡೂ ಗೇಜುಗಳಿದ್ದವು, ಅಲ್ಲಿ ಈ ಪರೀಕ್ಷೆಯೊಂದೇ ಸಾಲದು. ತಪ್ಪು ಗೊತ್ತಾದಾಗ ಚಿತ್ರವನ್ನು ಅಳಿಸಿ ಸುಮ್ಮನಾಗದೆ ವಿವರವನ್ನು ತಿದ್ದಿ, ತಿದ್ದಿದ್ದೇವೆಂದು ಬರೆಯಿರಿ.

ಇನ್ನು ವಸ್ತುಸಂಗ್ರಹಾಲಯಗಳ ಅಧಿಕಾರಿಗಳಲ್ಲಿ ನನ್ನ ಅರಿಕೆ. 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿ ಸಲೂನನ್ನು ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ. 2020ರಲ್ಲಿ ಹುಬ್ಬಳ್ಳಿಯಲ್ಲೂ ಒಂದು ವಸ್ತುಸಂಗ್ರಹಾಲಯ ಬಂತು. ಕಬ್ಬಿಣ ಉಳಿದದ್ದು ಸಂತೋಷ. ಆ ಕಬ್ಬಿಣವನ್ನು ಓಡಿಸಿದವರ ಮುಖಗಳೂ ಹೆಸರುಗಳೂ ಅದರ ಪಕ್ಕದಲ್ಲಿ ಬರಬೇಕು, ಅದಕ್ಕೆ ದಾರಿ ಮನೆಗಳ ಆಲ್ಬಮ್ಮು. ಫೋಟೋ ಕೊಡಲು ಮನೆಯವರು ಹಿಂಜರಿಯುವುದಕ್ಕೆ ಮುಖ್ಯ ಕಾರಣ, ಕೊಟ್ಟದ್ದು ಮರಳಿ ಬರುವುದಿಲ್ಲ ಎಂಬ ಭಯ. ಆದ್ದರಿಂದ ಮೂಲ ಪ್ರತಿಯನ್ನು ಕೇಳಬೇಡಿ, ಅವರ ಎದುರಿನಲ್ಲೇ ಸ್ಕ್ಯಾನ್ ಮಾಡಿ ಅಂದೇ ಕೈಗೆ ಕೊಡಿ. ಯಾರಾದರೂ ಇಟ್ಟುಕೊಳ್ಳಿ ಎಂದು ಮೂಲವನ್ನೇ ಕೊಟ್ಟರೆ, ಪ್ರತಿ ಫೋಟೋಗೂ ಕ್ರಮಸಂಖ್ಯೆ ಹಾಕಿದ ಪಟ್ಟಿಯ ರಸೀದಿ ಕೊಡಿ. ದಾನವೋ ಎರವಲೋ, ಎರವಲಾದರೆ ಎಂದು ಮರಳಿಸುತ್ತೀರಿ, ಚಿತ್ರವನ್ನು ಬಳಸುವಾಗ ಯಾರ ಸಂಗ್ರಹವೆಂದು ಹಾಕುತ್ತೀರಿ ಎಂಬುದು ಕನ್ನಡದಲ್ಲಿ ಬರೆದ ಒಂದು ಪುಟದ ಕಾಗದದಲ್ಲಿ ಇರಲಿ. ಮೈಸೂರು, ಅರಸೀಕೆರೆ, ಹುಬ್ಬಳ್ಳಿ, ಬೆಂಗಳೂರಿನಂಥ ಹಳೆಯ ಲೋಕೋ ಶೆಡ್ಡಿನ ಊರುಗಳಲ್ಲಿ ವರ್ಷಕ್ಕೆ ಒಂದು ದಿನವಾದರೂ ಸ್ಕ್ಯಾನರ್ ಇಟ್ಟುಕೊಂಡು ಕೂರುವ ವ್ಯವಸ್ಥೆ ಮಾಡಿ. ನಿವೃತ್ತರು ಪಿಂಚಣಿ ಕೆಲಸಕ್ಕೆ ಬರುವ ದಿನವನ್ನೇ ಆರಿಸಿದರೆ ಅವರಿಗೆ ಬೇರೆ ಓಡಾಟವಿಲ್ಲ. ಹೀಗೆ ಸೇರಿದ ಚಿತ್ರಗಳ ಪಟ್ಟಿಯನ್ನು ಊರಿನ ಹೆಸರು, ವ್ಯಕ್ತಿಯ ಹೆಸರು, ಎಂಜಿನ್ ಸಂಖ್ಯೆಯಿಂದ ಕನ್ನಡದಲ್ಲೇ ಹುಡುಕುವಂತೆ ಸಾರ್ವಜನಿಕರಿಗೆ ತೆರೆದಿಡಿ. ಪ್ರತಿಗಳು ಮೂರಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ.

ಎಲ್ಲವನ್ನೂ ಒಮ್ಮೆಗೆ ಮಾಡಲಾಗುವುದಿಲ್ಲ ಎಂಬುದು ನನಗೂ ಗೊತ್ತು. ಹಾಗಾಗಿ ಎಲ್ಲಿಂದ ಶುರು ಮಾಡಬೇಕೆಂದು ಕೇಳುವವರಿಗೆ ನನ್ನ ಸಲಹೆ ಇದು. ಹುಳಿವಾಸನೆಯ ನೆಗೆಟಿವ್ ಇದ್ದರೆ ಅದು ಮೊದಲು. ಅದಾದ ಮೇಲೆ, ಮನೆಯಲ್ಲಿ ಒಬ್ಬರೇ ಒಬ್ಬರು ಮಾತ್ರ ಗುರುತಿಸಬಲ್ಲ ಮುಖಗಳಿರುವ ಗುಂಪು ಚಿತ್ರ. ಗಾಜಿನ ಚೌಕಟ್ಟಿನ ದೊಡ್ಡ ಫೋಟೋ ಇನ್ನೊಂದು ವರ್ಷ ಕಾಯುತ್ತದೆ. ತೊಂಬತ್ತರ ಅಂಚಿನಲ್ಲಿರುವ ಆ ಒಬ್ಬರು ಕಾಯಲಾರರು. ಈ ಭಾನುವಾರ ಅವರ ಹತ್ತಿರ ಕೂತು, ಎಡದಿಂದ ಮೊದಲನೆಯವರು ಯಾರು ಎಂದು ಕೇಳಿ ಬರೆದುಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಹಳೆಯ ರೈಲ್ವೆ ಫೋಟೋಗಳನ್ನು ಗುರುತಿಸಿ ದಾಖಲಿಸುವ ಒಬ್ಬ ಕನ್ನಡಿಗ